ಗಯೆಟಾನೊ ಶಿರೇಯಾ

ಗಯೆಟಾನೊ ಶಿರೇಯಾ (25 ಮೇ 1953 – 3 ಸೆಪ್ಟೆಂಬರ್ 1989) ಇಟಲಿಯ ವೃತ್ತಿಪರ ಫುಟ್‌ಬಾಲ್ ಆಟಗಾರರು. ರಕ್ಷಣಾ ವಿಭಾಗದಲ್ಲಿ ಆಡುತ್ತಿದ್ದ ಇವರು ಅಟಲಾಂಟಾ ಮತ್ತು ಯುವೆಂಟಸ್ ಕ್ಲಬ್‌ಗಳನ್ನು ಪ್ರತಿನಿಧಿಸಿದರು. 1982ರಲ್ಲಿ ವಿಶ್ವಕಪ್ ಗೆದ್ದ ಇಟಲಿ ತಂಡದ ಸದಸ್ಯರಾಗಿದ್ದರು. ಯುವೆಂಟಸ್ ಪರವಾಗಿ ಒಟ್ಟು 552 ಪಂದ್ಯಗಳನ್ನೂ ರಾಷ್ಟ್ರೀಯ ತಂಡದ ಪರವಾಗಿ 78 ಪಂದ್ಯಗಳನ್ನೂ ಆಡಿದರು. ಎದುರಾಳಿಯನ್ನು ತಡೆಯುವುದೇ ಕೆಲಸವಾಗಿದ್ದ ಸ್ಥಾನದಲ್ಲಿ ಹದಿನಾರು ವರ್ಷ ಆಡಿದರೂ ಒಮ್ಮೆಯೂ ಮೈದಾನದಿಂದ ಹೊರಹಾಕಲ್ಪಡದ ಆಟಗಾರರೆಂಬುದು ಇವರ ವಿಶೇಷ. ತಮ್ಮ 36ನೆಯ ವಯಸ್ಸಿನಲ್ಲಿ ಪೋಲೆಂಡಿನಲ್ಲಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ನಿಧನರಾದರು.

ಬಾಲ್ಯ ಮತ್ತು ಆರಂಭಿಕ ವೃತ್ತಿಜೀವನ

ಶಿರೇಯಾ ಅವರು ಉತ್ತರ ಇಟಲಿಯ ಮಿಲಾನ್ ನಗರದ ಸಮೀಪವಿರುವ ಚೆರ್ನುಸ್ಕೊ ಸುಲ್ ನವಿಲ್ಯೊ ಎಂಬ ಊರಿನಲ್ಲಿ ಜನಿಸಿದರು. ಇವರದು ದಕ್ಷಿಣದ ಸಿಸಿಲಿ ದ್ವೀಪದ ಮೂಲದ ಕುಟುಂಬ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಉದ್ಯೋಗವನ್ನರಸಿ ದಕ್ಷಿಣದಿಂದ ಮಿಲಾನ್, ಟ್ಯೂರಿನ್ ಮೊದಲಾದ ಕೈಗಾರಿಕಾ ನಗರಗಳಿಗೆ ವಲಸೆ ಬಂದ ಕುಟುಂಬಗಳು ಅಸಂಖ್ಯ.

ಬೆರ್ಗಾಮೊ ನಗರದ ಅಟಲಾಂಟಾ ಕ್ಲಬ್ಬಿನ ಕಿರಿಯರ ವಿಭಾಗದಲ್ಲಿ ಇವರ ತರಬೇತಿ ನಡೆಯಿತು. ಬಾಲ್ಯದಲ್ಲಿ ಮುಂಪಡೆಯಲ್ಲಿಯೂ ಅನಂತರ ಮಧ್ಯಭಾಗದಲ್ಲಿಯೂ ಆಡಿದ ಇವರು ಕಾಲಕ್ರಮೇಣ ರಕ್ಷಣಾ ವಿಭಾಗಕ್ಕೆ ಬಂದರು. ಚೆಂಡನ್ನು ನಿಯಂತ್ರಿಸುವ ಹಾಗೂ ಸಹ ಆಟಗಾರನಿಗೆ ಕರಾರುವಾಕ್ಕಾಗಿ ದಾಟಿಸುವ ಕೌಶಲವು ಹೀಗೆ ಮೊದಲೇ ಕೈಗೂಡಿದ್ದುದು ಮುಂದೆ ಇವರ ಆಟದ ಸ್ವರೂಪವನ್ನೇ ನಿರ್ಧರಿಸಿತು. 1972ರ ಸೆಪ್ಟೆಂಬರ್ 24ರಂದು ಕಾಲಿಯಾರಿ ತಂಡದ ವಿರುದ್ಧ, 19ನೆಯ ವಯಸ್ಸಿನಲ್ಲಿ, ಇಟಲಿಯ ಪ್ರಥಮ ದರ್ಜೆಯ ಲೀಗ್ ಆದ ಸೀರಿ ಎ ಪಂದ್ಯಾವಳಿಗೆ ಪದಾರ್ಪಣೆ ಮಾಡಿದರು. ಆ ಋತುವಿನ ಕೊನೆಯಲ್ಲಿ ಅಟಲಾಂಟಾ ಎರಡನೆಯ ದರ್ಜೆಗೆ ಇಳಿಯಿತು. ಮರುವರ್ಷ ಶಿರೇಯಾ ಕೆಳದರ್ಜೆಯ ಲೀಗ್‌ನಲ್ಲಿ ಆಡಿ, 1974ರಲ್ಲಿ ಟ್ಯೂರಿನ್‌ನ ಯುವೆಂಟಸ್ ಕ್ಲಬ್ಬನ್ನು ಸೇರಿದರು.

ಯುವೆಂಟಸ್‌ನಲ್ಲಿ

ಯುವೆಂಟಸ್ ತಂಡದಲ್ಲಿ ದೀರ್ಘಕಾಲ ರಕ್ಷಣೆಯ ಹೊಣೆ ಹೊತ್ತಿದ್ದ ಸಾಂದ್ರೊ ಸಾಲ್ವಡೋರೆ ಅವರು ಆ ವರ್ಷವೇ ನಿವೃತ್ತರಾಗಿದ್ದರು. ಅವರಿಂದ ತೆರವಾದ ಸ್ಥಾನವನ್ನು 21 ವರ್ಷದ ಶಿರೇಯಾ ತುಂಬಿದರು. ತರಬೇತುದಾರ ಕಾರ್ಲೊ ಪರೋಲಾ ಅವರ ಮಾರ್ಗದರ್ಶನದಲ್ಲಿ, ಸೇರಿದ ಮೊದಲನೆಯ ಋತುವಿನಲ್ಲಿಯೇ (1974–75) ಲೀಗ್ ಪ್ರಶಸ್ತಿ ದೊರೆಯಿತು.

1976ರಲ್ಲಿ ಜೊವಾನಿ ಟ್ರಪಟೋನಿ ತರಬೇತುದಾರರಾಗಿ ಬಂದ ಮೇಲೆ ಕ್ಲಬ್ಬಿನ ಇತಿಹಾಸದ ಸುವರ್ಣಕಾಲ ಆರಂಭವಾಯಿತು. 1977ರಲ್ಲಿ ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ತಂಡವನ್ನು ಮಣಿಸಿ ಯುಯೆಫಾ ಕಪ್ ಗೆದ್ದದ್ದು ಯುವೆಂಟಸ್‌ಗೆ ದೊರೆತ ಮೊದಲ ಯುರೋಪಿಯನ್ ಪ್ರಶಸ್ತಿ. ಗೋಲ್‌ಕೀಪರ್ ಡೀನೊ ಜೋಫ್, ರಕ್ಷಣಾ ಆಟಗಾರರಾದ ಕ್ಲಾಡಿಯೊ ಜೆಂಟೀಲೆ, ಅಂಟೋನಿಯೊ ಕಬ್ರೀನಿ ಇವರೊಡನೆ ಶಿರೇಯಾ ಕಟ್ಟಿದ ರಕ್ಷಣಾವ್ಯೂಹವು ಮುಂದೆ ರಾಷ್ಟ್ರೀಯ ತಂಡದ ಬೆನ್ನೆಲುಬೂ ಆಯಿತು.

ಹದಿನಾಲ್ಕು ಋತುಗಳಲ್ಲಿ ಇವರು ಏಳು ಬಾರಿ ಸೀರಿ ಎ ಪ್ರಶಸ್ತಿಯನ್ನೂ ಎರಡು ಬಾರಿ ಇಟಲಿ ಕಪ್ಪನ್ನೂ ಗೆದ್ದ ತಂಡದಲ್ಲಿದ್ದರು. 1983ರಲ್ಲಿ ಅಥೆನ್ಸ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಯುವೆಂಟಸ್ ಜರ್ಮನಿಯ ಹ್ಯಾಂಬರ್ಗ್ ತಂಡಕ್ಕೆ 0–1ರಿಂದ ಸೋತಿತು. ಆದರೆ 1984ರಲ್ಲಿ ಪೋರ್ಟೊ ತಂಡವನ್ನು ಸೋಲಿಸಿ ಕಪ್ ವಿಜೇತರ ಕಪ್ಪನ್ನೂ 1985ರಲ್ಲಿ ಯುರೋಪಿಯನ್ ಕಪ್ಪನ್ನೂ ಪಡೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಅರ್ಜೆಂಟೀನೋಸ್ ಜೂನಿಯರ್ಸ್ ತಂಡವನ್ನು ಪೆನಾಲ್ಟಿ ಒದೆತಗಳಲ್ಲಿ ಮಣಿಸಿ ಖಂಡಾಂತರ ಕಪ್ಪನ್ನು ಗೆದ್ದಿತು. ಯುರೋಪಿನ ಮೂರೂ ಪ್ರಮುಖ ಕ್ಲಬ್ ಪಂದ್ಯಾವಳಿಗಳನ್ನು ಗೆದ್ದ ಮೊತ್ತಮೊದಲ ಆಟಗಾರರ ಸಾಲಿನಲ್ಲಿ ಶಿರೇಯಾ ಸೇರಿದರು. 1988ರಲ್ಲಿ ಯುವೆಂಟಸ್ ಪರ ಆಟವನ್ನು ನಿಲ್ಲಿಸಿದಾಗ ಕ್ಲಬ್ಬಿಗಾಗಿ ಅತಿ ಹೆಚ್ಚು ಪಂದ್ಯಗಳನ್ನು ಆಡಿದ ದಾಖಲೆ ಇವರದಾಗಿತ್ತು. ಇಪ್ಪತ್ತು ವರ್ಷ ಉಳಿದ ಈ ದಾಖಲೆಯನ್ನು 2008ರಲ್ಲಿ ಅಲೆಸ್ಸಾಂದ್ರೊ ಡೆಲ್ ಪಿಯೆರೊ ಮುರಿದರು.

ಆಟದ ಶೈಲಿ

ಶಿರೇಯಾ ಆಡುತ್ತಿದ್ದ ಸ್ಥಾನಕ್ಕೆ ಇಟಾಲಿಯನ್ ಭಾಷೆಯಲ್ಲಿ ಲಿಬೆರೊ ಎಂಬ ಹೆಸರಿದೆ. ಸ್ವತಂತ್ರ ಎಂಬುದು ಅದರ ಅರ್ಥ. ಉಳಿದ ರಕ್ಷಣಾ ಆಟಗಾರರು ಎದುರಾಳಿಗಳಲ್ಲಿ ಒಬ್ಬೊಬ್ಬರನ್ನು ನೆರಳಿನಂತೆ ಹಿಂಬಾಲಿಸುತ್ತಿದ್ದರೆ, ಲಿಬೆರೊಗೆ ನಿಗದಿತ ಎದುರಾಳಿ ಇರುವುದಿಲ್ಲ. ಆತ ಎಲ್ಲರ ಹಿಂದೆ ನಿಂತು, ಎಲ್ಲಿ ಸಾಲು ಒಡೆಯುತ್ತದೆಯೋ ಅಲ್ಲಿಗೆ ಧಾವಿಸಿ ಅಪಾಯವನ್ನು ನಿವಾರಿಸಬೇಕು.

ಆ ಕಾಲದ ಇಟಲಿಯ ಫುಟ್‌ಬಾಲ್ ಕಠೋರವಾದ ರಕ್ಷಣೆಗೆ ಹೆಸರಾಗಿತ್ತು. ಕಾಲಿಗೆ ಒದೆಯುವುದು, ಅಂಗಿ ಹಿಡಿದೆಳೆಯುವುದು ರಕ್ಷಣಾ ಆಟಗಾರರ ಸಾಮಾನ್ಯ ಉಪಾಯಗಳಾಗಿದ್ದವು. ಇಂಥ ವಾತಾವರಣದಲ್ಲಿ ಶಿರೇಯಾ ಒಮ್ಮೆಯೂ ಕೆಂಪು ಕಾರ್ಡ್ ಪಡೆಯಲಿಲ್ಲ, ಪಂದ್ಯ ನಿಷೇಧಕ್ಕೂ ಒಳಗಾಗಲಿಲ್ಲ. ಇದನ್ನು ಕೇವಲ ಸೌಮ್ಯ ಸ್ವಭಾವದ ಫಲವೆಂದು ತಿಳಿಯುವಂತಿಲ್ಲ. ಚೆಂಡು ಎಲ್ಲಿಗೆ ಬರಲಿದೆ ಎಂಬುದನ್ನು ಮುಂದಾಗಿಯೇ ಗ್ರಹಿಸಿ ಆ ಜಾಗದಲ್ಲಿ ನಿಂತಿರುತ್ತಿದ್ದುದರಿಂದ ಇವರಿಗೆ ಎದುರಾಳಿಯನ್ನು ಕೆಡವುವ ಅಗತ್ಯವೇ ವಿರಳವಾಗಿತ್ತು. ತಡವಾಗಿ ತಲುಪುವ ರಕ್ಷಕನೇ ತಪ್ಪೆಸಗುತ್ತಾನೆ. ಶಿರೇಯಾ ತಡವಾಗಿ ತಲುಪುತ್ತಿದ್ದುದು ಅಪರೂಪ. ಚೆಂಡನ್ನು ವಶಪಡಿಸಿಕೊಂಡ ನಂತರ ಅದನ್ನು ಗುರಿಯಿಲ್ಲದೆ ದೂರಕ್ಕೆ ಒದೆಯದೆ, ತಾವೇ ಮುಂದಕ್ಕೆ ಒಯ್ದು ದಾಳಿಯನ್ನು ಆರಂಭಿಸುತ್ತಿದ್ದರು. ಯುವೆಂಟಸ್ ಪರವಾಗಿ ಇವರು ಗಳಿಸಿದ 32 ಗೋಲುಗಳು ಈ ಗುಣಕ್ಕೆ ಸಾಕ್ಷಿ. ಪಶ್ಚಿಮ ಜರ್ಮನಿಯ ಫ್ರಾಂಜ್ ಬೆಕೆನ್‌ಬೌವರ್ ಅವರೊಡನೆ ಇವರನ್ನು ಈ ಸ್ಥಾನದ ಶ್ರೇಷ್ಠ ಆಟಗಾರರಲ್ಲಿ ಒಬ್ಬರೆಂದು ಪರಿಗಣಿಸಲಾಗುತ್ತದೆ.

ರಾಷ್ಟ್ರೀಯ ತಂಡದಲ್ಲಿ

1975ರ ಡಿಸೆಂಬರ್ 30ರಂದು ಗ್ರೀಸ್ ವಿರುದ್ಧದ ಪಂದ್ಯದ ಮೂಲಕ ರಾಷ್ಟ್ರೀಯ ತಂಡವನ್ನು ಪ್ರವೇಶಿಸಿದರು. ತರಬೇತುದಾರ ಎಂಜೊ ಬೆಯರ್ಜೋಟ್ ಅವರ ತಂಡದಲ್ಲಿ ಇವರ ಸ್ಥಾನ ಭದ್ರವಾಯಿತು. 1978ರ ಅರ್ಜೆಂಟೀನಾ ವಿಶ್ವಕಪ್‌ನಲ್ಲಿಯೂ 1980ರಲ್ಲಿ ಸ್ವದೇಶದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿಯೂ ಇಟಲಿ ನಾಲ್ಕನೆಯ ಸ್ಥಾನ ಪಡೆಯಿತು.

1982ರಲ್ಲಿ ಸ್ಪೇನಿನಲ್ಲಿ ನಡೆದ ವಿಶ್ವಕಪ್‌ನ ಮೊದಲ ಸುತ್ತಿನಲ್ಲಿ ಇಟಲಿ ಮೂರೂ ಪಂದ್ಯಗಳಲ್ಲಿ ಸಮಬಲ ಸಾಧಿಸಿ ತೀವ್ರ ಟೀಕೆಗೆ ಗುರಿಯಾಗಿತ್ತು. ಆಟಗಾರರು ಪತ್ರಕರ್ತರೊಡನೆ ಮಾತನಾಡುವುದನ್ನೇ ನಿಲ್ಲಿಸಿದರು. ಅನಂತರ ಅರ್ಜೆಂಟೀನಾವನ್ನು 2–1, ಬ್ರೆಜಿಲನ್ನು 3–2, ಪೋಲೆಂಡನ್ನು 2–0 ಗೋಲುಗಳಿಂದ ಸೋಲಿಸಿ ತಂಡ ಫೈನಲ್ ತಲುಪಿತು. ಶಿರೇಯಾ ಏಳೂ ಪಂದ್ಯಗಳಲ್ಲಿ ಆಡಿದರು.

ಜುಲೈ 11ರಂದು ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ನಡೆದ ಫೈನಲ್‌ನಲ್ಲಿ ಇಟಲಿ 1–0ರಿಂದ ಮುಂದಿತ್ತು. ಅಂಥ ಸಂದರ್ಭದಲ್ಲಿ ಹಿಂದೆಯೇ ಉಳಿಯುವುದು ರಕ್ಷಕನ ವಾಡಿಕೆ. ಆದರೆ ಶಿರೇಯಾ ಎದುರಾಳಿಯ ಪೆನಾಲ್ಟಿ ಆವರಣದವರೆಗೂ ಸಾಗಿ, 18 ವರ್ಷದ ಜುಸೆಪ್ಪೆ ಬೆರ್ಗೋಮಿಯೊಡನೆ ಚೆಂಡನ್ನು ವಿನಿಮಯ ಮಾಡಿಕೊಂಡು ಅದನ್ನು ಮಾರ್ಕೊ ಟಾರ್ಡೆಲಿಗೆ ದಾಟಿಸಿದರು. ಟಾರ್ಡೆಲಿ ಹೊಡೆದ ಎರಡನೆಯ ಗೋಲು ಮತ್ತು ಅನಂತರ ಅವರು ಕೂಗುತ್ತ ಓಡಿದ ದೃಶ್ಯ ಲೋಕಪ್ರಸಿದ್ಧ. ಆ ಗೋಲಿನ ಹಿಂದೆ ಇಬ್ಬರು ರಕ್ಷಣಾ ಆಟಗಾರರಿದ್ದರೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಇಟಲಿ 3–1ರಿಂದ ಗೆದ್ದು ಮೂರನೆಯ ಬಾರಿ ವಿಶ್ವವಿಜೇತವಾಯಿತು.

1986ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಶಿರೇಯಾ ತಂಡದ ನಾಯಕರಾಗಿದ್ದರು. ಜೂನ್ 17ರಂದು ಫ್ರಾನ್ಸ್ ವಿರುದ್ಧ 0–2ರಿಂದ ಸೋತ ಪಂದ್ಯವೇ ಇವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಅದರಲ್ಲಿ ಮೊದಲ ಗೋಲು ಹೊಡೆದವರು ಯುವೆಂಟಸ್‌ನಲ್ಲಿ ಇವರ ಜೊತೆಗಾರರಾಗಿದ್ದ ಮಿಷೆಲ್ ಪ್ಲಾಟಿನಿ.

ಹೇಸೆಲ್ ದುರಂತ

1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಯುವೆಂಟಸ್ ಮತ್ತು ಲಿವರ್‌ಪೂಲ್ ತಂಡಗಳ ನಡುವೆ ಯುರೋಪಿಯನ್ ಕಪ್ ಫೈನಲ್ ನಿಗದಿಯಾಗಿತ್ತು. ಪಂದ್ಯಕ್ಕೆ ಮೊದಲು ಇಂಗ್ಲೆಂಡಿನ ಅಭಿಮಾನಿಗಳು ಮುನ್ನುಗ್ಗಿದಾಗ ಉಂಟಾದ ನೂಕುನುಗ್ಗಲಿನಲ್ಲಿ ಗೋಡೆಯೊಂದು ಕುಸಿದು 39 ಜನ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಇಟಲಿಯವರು. ಪಂದ್ಯವನ್ನು ರದ್ದುಗೊಳಿಸಿದರೆ ಗಲಭೆ ಹೆಚ್ಚೀತೆಂಬ ಭಯದಿಂದ ಅಧಿಕಾರಿಗಳು ಅದನ್ನು ನಡೆಸಲು ತೀರ್ಮಾನಿಸಿದರು. ನಾಯಕರಾಗಿದ್ದ ಶಿರೇಯಾ ಧ್ವನಿವರ್ಧಕದ ಮುಂದೆ ನಿಂತು, ಪಂದ್ಯ ನಡೆಯಲಿದೆಯೆಂದೂ ಪ್ರಚೋದನೆಗೆ ಒಳಗಾಗದೆ ಶಾಂತರಾಗಿರಬೇಕೆಂದೂ ಪ್ರೇಕ್ಷಕರಲ್ಲಿ ವಿನಂತಿಸಿದರು. ಪ್ಲಾಟಿನಿಯವರ ಪೆನಾಲ್ಟಿ ಗೋಲಿನಿಂದ ಯುವೆಂಟಸ್ 1–0ರಿಂದ ಗೆದ್ದಿತು. ಸಾವುಗಳ ನಡುವೆ ಪಂದ್ಯ ನಡೆಸಿದ್ದೂ ಅನಂತರ ಕೆಲವು ಆಟಗಾರರು ಸಂಭ್ರಮಿಸಿದ್ದೂ ಇಂದಿಗೂ ಚರ್ಚೆಯಲ್ಲಿವೆ. ಇವರ ವೃತ್ತಿಜೀವನದ ಅತ್ಯುನ್ನತ ಕ್ಲಬ್ ಪ್ರಶಸ್ತಿಯು ಈ ದುರಂತದಿಂದ ಬೇರ್ಪಡಿಸಲಾಗದಂತೆ ಉಳಿದಿದೆ.

ನಿವೃತ್ತಿ ಮತ್ತು ಮರಣ

1988ರಲ್ಲಿ ಜೋಫ್ ಅವರು ಯುವೆಂಟಸ್‌ನ ತರಬೇತುದಾರರಾದಾಗ ಶಿರೇಯಾ ಅವರ ಸಹಾಯಕರಾದರು. ರಾಷ್ಟ್ರೀಯ ತಂಡದ ಪ್ರವಾಸಗಳಲ್ಲಿ ಒಂದೇ ಕೋಣೆಯಲ್ಲಿ ತಂಗುತ್ತಿದ್ದ ಈ ಇಬ್ಬರೂ ಮಿತಭಾಷಿಗಳು, ಆಪ್ತ ಸ್ನೇಹಿತರು.

1989–90ರ ಯುಯೆಫಾ ಕಪ್‌ನ ಮೊದಲ ಸುತ್ತಿನಲ್ಲಿ ಯುವೆಂಟಸ್‌ಗೆ ಪೋಲೆಂಡಿನ ಗುರ್ನಿಕ್ ಜಾಬ್ಜೆ ತಂಡ ಎದುರಾಳಿಯಾಗಿತ್ತು. ಆ ತಂಡದ ಆಟವನ್ನು ಗಮನಿಸಲು ಶಿರೇಯಾ ಪೋಲೆಂಡಿಗೆ ತೆರಳಿದರು. ಹಿಂದಿರುಗುವಾಗ, ಸೆಪ್ಟೆಂಬರ್ 3ರಂದು, ಬಾಬ್ಸ್ಕ್ ಎಂಬ ಹಳ್ಳಿಯ ಬಳಿ ಇವರಿದ್ದ ಕಾರು ಮತ್ತೊಂದು ವಾಹನಕ್ಕೆ ಡಿಕ್ಕಿ ಹೊಡೆಯಿತು. ಇಂಧನದ ಅಭಾವವಿದ್ದ ಆ ದಿನಗಳಲ್ಲಿ ಕಾರಿನಲ್ಲಿ ಪೆಟ್ರೋಲ್ ತುಂಬಿದ ಡಬ್ಬಿಗಳನ್ನು ಒಯ್ಯಲಾಗುತ್ತಿತ್ತು. ಅವು ಹೊತ್ತಿಕೊಂಡು ಕಾರು ಬೆಂಕಿಗೆ ಆಹುತಿಯಾಯಿತು. ಅಂದು ಭಾನುವಾರ, ಸುದ್ದಿಯನ್ನು ಇಟಲಿಯ ಜನ ರಾತ್ರಿಯ ಕ್ರೀಡಾ ಕಾರ್ಯಕ್ರಮದಲ್ಲಿ ದೂರದರ್ಶನದ ಮೂಲಕ ಕೇಳಿದರು. ಸ್ಟುಡಿಯೊದಲ್ಲಿ ಅತಿಥಿಯಾಗಿ ಕುಳಿತಿದ್ದವರು, ಏಳು ವರ್ಷಗಳ ಹಿಂದೆ ಇವರಿಂದ ಚೆಂಡು ಪಡೆದು ಗೋಲು ಹೊಡೆದ ಟಾರ್ಡೆಲಿ. ಜೋಫ್ ಅವರ ತಂಡ ಗುರ್ನಿಕ್ ತಂಡವನ್ನು ಸೋಲಿಸಿ, 1990ರಲ್ಲಿ ಯುಯೆಫಾ ಕಪ್ಪನ್ನು ಗೆದ್ದಿತು.

ಸ್ಮರಣೆ

ಟ್ಯೂರಿನ್‌ನಲ್ಲಿರುವ ಯುವೆಂಟಸ್ ಕ್ರೀಡಾಂಗಣದ ದಕ್ಷಿಣ ಗ್ಯಾಲರಿಗೂ ಅದರ ಮುಂದಿನ ರಸ್ತೆಗೂ ಶಿರೇಯಾ ಅವರ ಹೆಸರಿಡಲಾಗಿದೆ. ಇಟಲಿಯಲ್ಲಿ ಆದರ್ಶಪ್ರಾಯ ವೃತ್ತಿಜೀವನ ನಡೆಸಿದ ಫುಟ್‌ಬಾಲ್ ಆಟಗಾರರಿಗೆ ಇವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ನೀಡಲಾಗುತ್ತಿದೆ. ಗೋಲುಗಳ ಸಂಖ್ಯೆಗಾಗಿ ಅಲ್ಲದೆ ಆಟಗಾರನ ಶೀಲಕ್ಕಾಗಿ ಕೊಡುವ ಈ ಗೌರವ, ಮಾಡಿದ ತಪ್ಪುಗಳಿಗಿಂತ ಮಾಡದೆ ಉಳಿದ ತಪ್ಪುಗಳಿಂದ ನೆನಪಾಗುವ ರಕ್ಷಣಾ ಆಟಗಾರನ ಹೆಸರಿನಲ್ಲಿರುವುದು ಉಚಿತವೇ ಆಗಿದೆ.