ಎರಡು ಹೊಸ ಬೆಂಜ್ ಕೊಡುತ್ತೇವೆಂದರೂ ಹಳೇ ಕಾರು ಬಿಡದ ತಿರುವಾಂಕೂರು ರಾಜ: 'ಸಿಎಎನ್ 42' ಹಿಂದಿನ ಬದುಕಿನ ಕಥೆ

ತಿರುವನಂತಪುರಂ: ಕಾರು ಕೊಂಡು ಐದಾರು ವರ್ಷ ಆಯಿತೆಂದರೆ ಸಾಕು, ಎಕ್ಸ್‌ಚೇಂಜ್ ಆಫರ್ ಎಲ್ಲಿದೆ ಎಂದು ಹುಡುಕುವ ಕಾಲ ಇದು. ಆದರೆ ಕೇರಳದ ರಾಜಮನೆತನದ ಒಬ್ಬರು 1955ರ ಮಾಡೆಲ್‌ನ ಒಂದು ಮರ್ಸಿಡಿಸ್ ಬೆಂಜ್ ಕಾರನ್ನು ಕೊನೆಯವರೆಗೂ ಬಿಡಲಿಲ್ಲ. ಅದನ್ನು ಗಾಜಿನ ಮನೆಯಲ್ಲಿಟ್ಟು ಪೂಜೆ ಮಾಡಲಿಲ್ಲ, ದಿನಬಳಕೆಗೆ ಓಡಿಸಿದರು. ಅವರೇ ತಿರುವಾಂಕೂರು ರಾಜಮನೆತನದ ಹಿರಿಯರಾಗಿದ್ದ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮ.

ಈ ಕಾರಿಗೂ ಕರ್ನಾಟಕಕ್ಕೂ ನಂಟಿದೆ. ಅದರ ನಂಬರ್ ಪ್ಲೇಟ್ ಮೇಲಿರುವುದು 'ಸಿಎಎನ್ 42'. ಕೆಎ ಸರಣಿ ಬರುವ ಮುನ್ನ ನಮ್ಮ ರಾಜ್ಯದ ವಾಹನಗಳ ಮೇಲೆ ಕಾಣುತ್ತಿದ್ದ 'ಸಿಎ' ಅಕ್ಷರಗಳನ್ನು ಹಳೆಯ ಬೆಂಗಳೂರಿಗರು ಮರೆತಿರಲಾರರು. ಕೇರಳದ ರಾಜರ ಕಾರಿಗೆ ಕರ್ನಾಟಕದ ನೋಂದಣಿ ಹೇಗೆ ಬಂತು? ಅದಕ್ಕೆ ಅವರ ಬದುಕಿನ ಕಥೆಯನ್ನೇ ನೋಡಬೇಕು.

ರಾಜನ ತಮ್ಮ, ಮುಂದಿನ ರಾಜ

ಮಾರ್ತಾಂಡ ವರ್ಮ ಹುಟ್ಟಿದ್ದು 1922ರ ಮಾರ್ಚ್ 22ರಂದು, ತಿರುವನಂತಪುರದಲ್ಲಿ. ತಾಯಿ ಸೇತು ಪಾರ್ವತಿ ಬಾಯಿ. ಹುಟ್ಟಿದ ನಕ್ಷತ್ರ ಉತ್ತರಾಷಾಢ. ಮಲಯಾಳದಲ್ಲಿ ಅದು ಉತ್ರಾಡಂ. ನಕ್ಷತ್ರದ ಹೆಸರನ್ನು ಮೊದಲಿಗೆ ಸೇರಿಸಿ ಕರೆಯುವುದು ಆ ಮನೆತನದ ವಾಡಿಕೆ. ಅಣ್ಣ ಚಿತ್ತಿರ ತಿರುನಾಳ್ ಬಲರಾಮ ವರ್ಮ ತಿರುವಾಂಕೂರನ್ನು ಆಳಿದ ಕೊನೆಯ ಮಹಾರಾಜ. 1936ರ ನವೆಂಬರ್ 12ರಂದು ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿ, ದಲಿತರೂ ಸೇರಿದಂತೆ ಎಲ್ಲ ಹಿಂದೂಗಳಿಗೂ ಸಂಸ್ಥಾನದ ದೇವಸ್ಥಾನಗಳ ಬಾಗಿಲು ತೆರೆಸಿದವರು ಅವರೇ.

ತಿರುವಾಂಕೂರಿನಲ್ಲಿ ಪಟ್ಟ ತಂದೆಯಿಂದ ಮಗನಿಗೆ ಹೋಗುತ್ತಿರಲಿಲ್ಲ. ನಮ್ಮ ತುಳುನಾಡಿನ ಅಳಿಯಸಂತಾನದ ಹಾಗೆ ಅಲ್ಲೂ ತಾಯಿಯ ಕಡೆಯಿಂದ ಹಕ್ಕು ಬರುತ್ತಿತ್ತು. ಹಾಗಾಗಿ ಅಣ್ಣನ ನಂತರ ಪಟ್ಟಕ್ಕೆ ಬರಬೇಕಾದವರು ತಮ್ಮ. ಬಾಲ್ಯದಿಂದಲೇ ಅವರು ಇಳಯರಾಜ, ಅಂದರೆ ನಮ್ಮ ಮಾತಿನಲ್ಲಿ ಯುವರಾಜ.

ಆದರೆ ಆಳಲು ರಾಜ್ಯವೇ ಉಳಿಯಲಿಲ್ಲ. 1949ರ ಜುಲೈ 1ರಂದು ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ಒಂದಾದವು. ಅಣ್ಣ ರಾಜಪ್ರಮುಖರಾದರು. 1956ರಲ್ಲಿ ಕೇರಳ ರಾಜ್ಯ ಹುಟ್ಟುವ ಹೊತ್ತಿಗೆ ಆ ಹುದ್ದೆಯೂ ಹೋಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ರಾಜಧನವೂ ನಿಂತಿತು.

ಬೆಂಗಳೂರಿನ ದಿನಗಳು

ಯುವರಾಜರು ರಾಜಧನವನ್ನೇ ನಂಬಿ ಕೂರಲಿಲ್ಲ. 1952ರಲ್ಲಿ ಪ್ಲೈಮೌತ್ ಕಂಪನಿ ಸೇರಿ ಬೆಂಗಳೂರಿನಲ್ಲೂ ಇಂಗ್ಲೆಂಡ್‌ನಲ್ಲೂ ದುಡಿದರು. ಬೆಂಗಳೂರು ಆ ಮನೆತನಕ್ಕೆ ಹೊಸ ಊರೇನೂ ಆಗಿರಲಿಲ್ಲ. ಒಂದು ಕಾಲಕ್ಕೆ ರೀಜೆಂಟ್ ಆಗಿ ತಿರುವಾಂಕೂರನ್ನು ಆಳಿದ್ದ ಮಹಾರಾಣಿ ಸೇತು ಲಕ್ಷ್ಮಿ ಬಾಯಿ ಕೂಡ 50ರ ದಶಕದ ಕೊನೆಯಲ್ಲಿ ಅರಮನೆ ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದರು. 1985ರಲ್ಲಿ ಅವರು ತೀರಿಕೊಂಡದ್ದೂ ಇಲ್ಲೇ.

ಮುಂದೆ ಮಾರ್ತಾಂಡ ವರ್ಮ ಆಸ್ಪಿನ್‌ವಾಲ್ ಕಂಪನಿಯ ಚೇರ್ಮನ್ ಆದರು. 1867ರಲ್ಲಿ ಕೊಚ್ಚಿಯಲ್ಲಿ ಇಂಗ್ಲಿಷ್ ವ್ಯಾಪಾರಿಯೊಬ್ಬರು ಶುರು ಮಾಡಿದ ಈ ಸಂಸ್ಥೆಯ ಕಾಫಿ ಸಂಸ್ಕರಣೆ ನಡೆಯುವುದು ನಮ್ಮ ಮಂಗಳೂರಿನಲ್ಲಿ. ಹಾಗಾಗಿ ತಿರುವನಂತಪುರ, ಕೊಚ್ಚಿ, ಮಂಗಳೂರು, ಬೆಂಗಳೂರು ಎಲ್ಲವೂ ಅವರ ಕೆಲಸದ ನಕ್ಷೆಯಲ್ಲಿ ಇದ್ದವು. ಕಾರು ಓಡಿಸುವ ಹುಚ್ಚು ಮೊದಲೇ ಇತ್ತು. ಫೋಟೋಗ್ರಫಿ ಅವರ ಇನ್ನೊಂದು ಹುಚ್ಚು.

ಆ ಬೆಂಜ್ ಹೇಗಿತ್ತು?

ಮನೆತನದ ಮೂಲಗಳನ್ನು ಆಧರಿಸಿದ ವರದಿಗಳ ಪ್ರಕಾರ ಕಾರಿಗೆ ಆಗ ಕೊಟ್ಟ ಬೆಲೆ 12,000 ರೂಪಾಯಿ. ಮಾಡೆಲ್ ಮರ್ಸಿಡಿಸ್ ಬೆಂಜ್ 180 ಟಿ. 1953ರಲ್ಲಿ ಮಾರುಕಟ್ಟೆಗೆ ಬಂದ ಈ 180 ಸರಣಿಗೆ 'ಪೊಂಟನ್' ಎಂಬ ಅಡ್ಡಹೆಸರಿದೆ. ಅದುವರೆಗಿನ ಕಾರುಗಳಲ್ಲಿ ಮಡ್‌ಗಾರ್ಡ್‌ಗಳು ಬೇರೆಯಾಗಿ ಉಬ್ಬಿ ನಿಂತಿರುತ್ತಿದ್ದವು. ಇದರಲ್ಲಿ ಅವು ಬಾಡಿಯೊಳಗೇ ಸೇರಿಕೊಂಡು ಕಾರಿಗೆ ದುಂಡನೆಯ ಆಕಾರ ಬಂತು. ಕೆಳಗೆ ಪ್ರತ್ಯೇಕ ಚಾಸಿ ಇಲ್ಲದೆ, ಬಾಡಿಯೇ ಭಾರ ಹೊರುವ ಹಾಗೆ ಈ ಕಂಪನಿ ಕಟ್ಟಿದ ಮೊದಲ ಕಾರುಗಳಿವು.

ಇದರ ಪೆಟ್ರೋಲ್ ಎಂಜಿನ್ 1,767 ಸಿಸಿಯದು, ಶಕ್ತಿ ಬರೀ 52 ಹಾರ್ಸ್‌ಪವರ್. ಇವತ್ತಿನ ಸಣ್ಣ ಹ್ಯಾಚ್‌ಬ್ಯಾಕ್‌ಗಳಿಗೂ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಪವರ್ ಸ್ಟೀರಿಂಗ್ ಇಲ್ಲ, ಎಸಿ ಇಲ್ಲ. ಒಂದೇ ಸಮನೆ, ಅವಸರವಿಲ್ಲದೆ ದೂರ ಓಡುವ ಗಾಡಿ.

ಆ ಕಾಲದಲ್ಲಿ ಇಂಥ ಕಾರನ್ನು ನಮ್ಮ ದೇಶದಲ್ಲಿ ಓಡಿಸಿಕೊಂಡು ಇರುವುದು ಸುಲಭವಿರಲಿಲ್ಲ. ವಿದೇಶಿ ಕಾರುಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿತ್ತು. ಫೋರ್ಡ್, ಜನರಲ್ ಮೋಟಾರ್ಸ್‌ನಂಥ ಕಂಪನಿಗಳೇ 50ರ ದಶಕದ ಮಧ್ಯದಲ್ಲಿ ಭಾರತದಿಂದ ಗಂಟುಮೂಟೆ ಕಟ್ಟಿದ್ದವು. ರಸ್ತೆ ಮೇಲೆ ಅಂಬಾಸಿಡರ್, ಫಿಯೆಟ್‌ಗಳದ್ದೇ ಕಾರುಬಾರು. ಬೆಂಜ್ ಕಾರುಗಳು ಪುಣೆಯಲ್ಲಿ ತಯಾರಾಗಲು 90ರ ದಶಕವೇ ಬರಬೇಕಾಯಿತು. ಕೇರಳದಲ್ಲಿ ಆಗ ತೈಲ ಶುದ್ಧೀಕರಣ ಘಟಕವೂ ಇರಲಿಲ್ಲ. ಕೊಚ್ಚಿ ಸಮೀಪದ ಅಂಬಲಮುಗಳ್‌ನಲ್ಲಿ ರಿಫೈನರಿ ಶುರುವಾದದ್ದು 1966ರಲ್ಲಿ. ಅಂದರೆ ಈ ಕಾರು ಆ ರಿಫೈನರಿಗಿಂತ ಹನ್ನೊಂದು ವರ್ಷ ಹಿರಿಯದು!

ಇನ್ನು ಕೇರಳದ ಮಳೆ ಮತ್ತು ಸಮುದ್ರದ ಉಪ್ಪು ಗಾಳಿ. ಚಾಸಿ ಇರುವ ಕಾರಾದರೆ ಬಾಡಿಗೆ ತುಕ್ಕು ಹಿಡಿದರೂ ಬದಲಿಸಬಹುದು. ಬಾಡಿಯೇ ಚಾಸಿಯಾಗಿರುವ ಕಾರಿಗೆ ತುಕ್ಕು ಹಿಡಿದರೆ ಗಾಡಿಯ ಬೆನ್ನುಮೂಳೆಗೇ ಪೆಟ್ಟು. ಅಡಿಭಾಗದ ಕೀಲುಗಳಿಗೆ ಆಗಾಗ ಗ್ರೀಸ್ ಹಾಕುತ್ತಿರಬೇಕು, ಆಯಿಲ್ ಬದಲಿಸುತ್ತಿರಬೇಕು. ಒಂದು ಸಲ ತಪ್ಪಿದರೆ ಏನೂ ಆಗುವುದಿಲ್ಲ, ಹತ್ತು ಸಲ ತಪ್ಪಿದರೆ ಗಾಡಿ ಮೂಲೆ ಸೇರುತ್ತದೆ. ಇಷ್ಟೊಂದು ವರ್ಷ ಅದು ಮೂಲೆ ಸೇರಲಿಲ್ಲ ಎಂದರೆ, ಬೇಸರಿಸದೆ ನೋಡಿಕೊಂಡವರಿದ್ದರು ಎಂದೇ ಅರ್ಥ.

23 ಲಕ್ಷ ಮೈಲಿ!

ಮಾರ್ತಾಂಡ ವರ್ಮ ತಮ್ಮ ಜೀವಮಾನದಲ್ಲಿ ಕಾರಿನಲ್ಲಿ ಕ್ರಮಿಸಿದ್ದು ಒಟ್ಟು 40 ಲಕ್ಷ ಮೈಲಿ, ಅದರಲ್ಲಿ 23 ಲಕ್ಷ ಮೈಲಿ ಈ ಒಂದೇ ಬೆಂಜ್‌ನಲ್ಲಿ ಎಂದು ವರದಿಗಳು ಹೇಳುತ್ತವೆ. 23 ಲಕ್ಷ ಮೈಲಿ ಅಂದರೆ ಸುಮಾರು 37 ಲಕ್ಷ ಕಿಲೋಮೀಟರ್. 50 ವರ್ಷಕ್ಕೆ ಹಂಚಿದರೆ ದಿನಕ್ಕೆ 200 ಕಿಲೋಮೀಟರ್ ಬರುತ್ತದೆ. ಒಂದು ದಿನವೂ ತಪ್ಪದೆ ತಿರುವನಂತಪುರದಿಂದ ಕೊಚ್ಚಿಗೆ ಹೋದಷ್ಟು ದೂರ! ಲೆಕ್ಕ ಕೇಳಿದರೆ ಅನುಮಾನ ಬರುವುದು ಸಹಜ. ಆದರೆ ಹೆಚ್ಚು ದೂರ ಓಡಿದ ಕಾರುಗಳಿಗೆ ಬೆಂಜ್ ಕಂಪನಿ ಕೊಡುವ ಪದಕಗಳು ಈ ಕಾರಿನ ಮೇಲಿರುವುದಂತೂ ನಿಜ.

ಕಾರಿನ ಸುದ್ದಿ ಕೇಳಿ ಕಂಪನಿಯ ಹಿರಿಯ ಅಧಿಕಾರಿಗಳು ತಿರುವನಂತಪುರದ ಪಟ್ಟಂ ಅರಮನೆಗೆ ಬಂದು, ಇದನ್ನು ಕೊಟ್ಟರೆ ಎರಡು ಹೊಸ ಕಾರು ಕೊಡುವುದಾಗಿ ಹೇಳಿದರಂತೆ. ಮಾರ್ತಾಂಡ ವರ್ಮ ಒಪ್ಪಲಿಲ್ಲ.

ಇಂಥ ವಿನಿಮಯ ಬೇರೆ ಕಡೆ ನಡೆದದ್ದುಂಟು. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಾಖಿನಿಡಿಸ್ ತಮ್ಮ 1976ರ ಬೆಂಜ್ 240 ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಕಂಪನಿಗೆ ಕೊಟ್ಟು ಹೊಸ ಕಾರು ಪಡೆದರು. ಆ ಟ್ಯಾಕ್ಸಿ ಜರ್ಮನಿಯ ಮ್ಯೂಸಿಯಂ ಸೇರಿತು. ಬಾಡಿಗೆ ದುಡಿದು ಬದುಕುವವರಿಗೆ ಅದು ನ್ಯಾಯವಾದ ವ್ಯವಹಾರವೇ. ಮಾರ್ತಾಂಡ ವರ್ಮರಿಗೆ ಮಾತ್ರ ಕಾರು ಮ್ಯೂಸಿಯಂಗೆ ಹೋಗುವುದು ಬೇಕಿರಲಿಲ್ಲ. 85ನೇ ವಯಸ್ಸಿನಲ್ಲೂ ಅವರು ಆ ಬೆಂಜ್ ಓಡಿಸಿದ್ದರು ಎನ್ನುತ್ತಾರೆ.

ತನ್ನದಲ್ಲದ ಸಂಪತ್ತಿನ ಕಾವಲು

1991ರ ಜುಲೈನಲ್ಲಿ ಅಣ್ಣ ತೀರಿಕೊಂಡರು. 69ನೇ ವಯಸ್ಸಿನಲ್ಲಿ ಮಾರ್ತಾಂಡ ವರ್ಮ ಮನೆತನದ ಹಿರಿಯರಾದರು. ಅಧಿಕಾರವಿಲ್ಲದ ಆ ಪಟ್ಟದ ಜೊತೆ ಬಂದದ್ದು ಒಂದೇ ಹೊಣೆ, ಶ್ರೀ ಪದ್ಮನಾಭಸ್ವಾಮಿ ದೇವಸ್ಥಾನ. 1750ರಲ್ಲಿ ಅದೇ ಹೆಸರಿನ ಪೂರ್ವಜ ಮಾರ್ತಾಂಡ ವರ್ಮ ಇಡೀ ರಾಜ್ಯವನ್ನೇ ಪದ್ಮನಾಭನಿಗೆ ಒಪ್ಪಿಸಿ, ತಾನು ದೇವರ ದಾಸನಾಗಿ ಆಳುವೆನೆಂದು ಖಡ್ಗವನ್ನು ಪಾದದಲ್ಲಿಟ್ಟಿದ್ದರು. ಅಂದಿನಿಂದ ಈ ಮನೆಯ ಹಿರಿಯರೆಲ್ಲ ಪದ್ಮನಾಭದಾಸರು. ಬೆಳಗಿನ ದರ್ಶನ ತಪ್ಪಿಸುವಂತಿಲ್ಲ. ಹೊರಬರುವಾಗ ದೇವರ ಒಂದು ಕಣ ಮರಳೂ ಮನೆಗೆ ಹೋಗಬಾರದೆಂದು ಕಾಲಿನ ಧೂಳು ಕೊಡವಿ ಬರುವ ಪದ್ಧತಿ ಅವರಲ್ಲಿದೆ ಎನ್ನುತ್ತಾರೆ.

ಬದುಕಿನ ಕೊನೆಗಾಲದ ದೊಡ್ಡ ಪರೀಕ್ಷೆ ಎದುರಾದದ್ದು ಇಲ್ಲೇ. 2011ರ ಜನವರಿಯಲ್ಲಿ ಕೇರಳ ಹೈಕೋರ್ಟ್, ದೇವಸ್ಥಾನದ ಆಡಳಿತವನ್ನು ಸರ್ಕಾರ ವಹಿಸಿಕೊಳ್ಳಬೇಕೆಂದು ತೀರ್ಪು ಕೊಟ್ಟಿತು. ಅವರು ಸುಪ್ರೀಂಕೋರ್ಟ್ ಮೆಟ್ಟಿಲೇರಿದರು. ಅದೇ ವರ್ಷ ಕೋರ್ಟ್ ಆದೇಶದಂತೆ ನೆಲಮಾಳಿಗೆಗಳನ್ನು ತೆರೆದಾಗ ಸಿಕ್ಕ ಚಿನ್ನ, ರತ್ನಗಳ ರಾಶಿ ಜಗತ್ತಿನ ಕಣ್ಣು ಕುಕ್ಕಿತು. ಜೊತೆಗೇ ಆರೋಪಗಳೂ ಬಂದವು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ವಿ.ಎಸ್. ಅಚ್ಯುತಾನಂದನ್, ದೇವಸ್ಥಾನದ ಸಂಪತ್ತು ಹೊರಗೆ ಸಾಗುತ್ತಿದೆ ಎಂದು ನೇರವಾಗಿ ಅವರತ್ತಲೇ ಬೊಟ್ಟು ಮಾಡಿದರು. ಮನೆತನ ಅದನ್ನು ತಳ್ಳಿಹಾಕಿತು. ಕೋರ್ಟ್ ನೇಮಿಸಿದ ಅಮಿಕಸ್ ಕ್ಯೂರಿ ಗೋಪಾಲ್ ಸುಬ್ರಮಣಿಯಂ 2014ರ ವರದಿಯಲ್ಲಿ ದೇವಸ್ಥಾನದ ಆಡಳಿತವನ್ನು ಕಟುವಾಗಿ ಟೀಕಿಸಿದರು.

ಅಷ್ಟರಲ್ಲಿ ಮಾರ್ತಾಂಡ ವರ್ಮ ಇರಲಿಲ್ಲ. 2013ರ ಡಿಸೆಂಬರ್ 16ರಂದು, 91ನೇ ವಯಸ್ಸಿನಲ್ಲಿ ಅವರು ತಿರುವನಂತಪುರದಲ್ಲಿ ಕೊನೆಯುಸಿರೆಳೆದಿದ್ದರು. ಅವರು ಹೂಡಿದ್ದ ಮೇಲ್ಮನವಿಯ ತೀರ್ಪು ಬಂದದ್ದು 2020ರ ಜುಲೈ 13ರಂದು. ದೇವಸ್ಥಾನದ ಸೇವಾ ಹಕ್ಕು ರಾಜಮನೆತನಕ್ಕೆ ಸೇರಿದ್ದು ಎಂದು ಸುಪ್ರೀಂಕೋರ್ಟ್ ಎತ್ತಿಹಿಡಿಯಿತು, ಆಡಳಿತಕ್ಕೆ ಸಮಿತಿ ರಚಿಸಲು ಹೇಳಿತು. ಗೆದ್ದ ಸುದ್ದಿ ಕೇಳಲು ಮೇಲ್ಮನವಿ ಹೂಡಿದವರೇ ಇರಲಿಲ್ಲ.

ಪಟ್ಟ ಅಳಿಯನಿಗೆ, ಕಾರು ಯಾರಿಗೆ?

ಅವರ ನಂತರ ಪಟ್ಟ ಸಂಪ್ರದಾಯದಂತೆ ಸೋದರಳಿಯ ಮೂಲಂ ತಿರುನಾಳ್ ರಾಮ ವರ್ಮರಿಗೆ ಹೋಯಿತು. ದೇವಸ್ಥಾನದ ಹೊಣೆಯೂ ಅವರದೇ ಆಯಿತು. ಆದರೆ ಕಾರು ಪಟ್ಟದ ಸ್ವತ್ತಲ್ಲ, ಸ್ವಂತದ್ದು. ಹಾಗಾಗಿ ಅದು ಮಗನ ಸುಪರ್ದಿಗೆ ಬಂತು.

2012ರಲ್ಲಿ ಪಟ್ಟಂ ಅರಮನೆಗೆ ಬಂದಿದ್ದ ಲುಲು ಗ್ರೂಪ್ ಅಧ್ಯಕ್ಷ ಎಂ.ಎ. ಯೂಸುಫ್ ಅಲಿ ಅವರಿಗೆ ಈ ಕಾರನ್ನು ಉಡುಗೊರೆಯಾಗಿ ಕೊಡುವ ಇಚ್ಛೆಯನ್ನು ಮಾರ್ತಾಂಡ ವರ್ಮ ಹೇಳಿಕೊಂಡಿದ್ದರಂತೆ. ಆ ಮಾತು ನಡೆಸಿಕೊಡಲು ಮನೆಯವರು ನಿರ್ಧರಿಸಿದ ಸುದ್ದಿ 2021ರಲ್ಲಿ ಹೊರಬಿತ್ತು. ಎರಡು ಹೊಸ ಕಾರಿಗೆ ಬದಲಾಗಿ ಕೊಡಲು ಒಪ್ಪದೇ ಇದ್ದ ಬೆಂಜನ್ನು, ಸ್ನೇಹಕ್ಕೆ ಒಂದು ರೂಪಾಯಿಯೂ ಪಡೆಯದೆ ಕೊಡಲು ಅವರು ಮನಸ್ಸು ಮಾಡಿದ್ದರು.

ಹುಟ್ಟಿನಿಂದ ಬರಬೇಕಿದ್ದ ರಾಜ್ಯ ಅವರ ಕೈಗೆ ಸಿಗಲಿಲ್ಲ. ಕೈಯಲ್ಲಿದ್ದ ದೇವಸ್ಥಾನ ಅವರದಾಗಿರಲಿಲ್ಲ, ದೇವರದ್ದು. ನಿಜಕ್ಕೂ ತನ್ನದು ಎನ್ನಬಹುದಾಗಿದ್ದ ವಸ್ತುಗಳಲ್ಲಿ ಈ ಹಳೇ ಬೆಂಜ್ ಒಂದು. ಅದನ್ನು ಅವರು ಮೂಲೆಯಲ್ಲಿ ಮುಚ್ಚಿಡದೆ ಓಡಿಸುತ್ತಲೇ ಉಳಿಸಿಕೊಂಡರು. ಹಳೆಯ ಗಾಡಿಯನ್ನು ಇವತ್ತಿಗೂ ಪ್ರೀತಿಯಿಂದ ಓಡಿಸುತ್ತಿರುವವರಿಗೆ ಈ ಸುಖ ಎಂಥದ್ದೆಂದು ಬೇರೆ ಹೇಳಬೇಕಾಗಿಲ್ಲ.