ಹೊಸದುರ್ಗದ ಸೋಲು

ಚಿತ್ರದುರ್ಗದ ಹೊರವಲಯದ ಸೀಬಾರದಲ್ಲಿರುವ ಎಸ್. ನಿಜಲಿಂಗಪ್ಪನವರ ಸ್ಮಾರಕವನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಅವರ ಗೆಲವುಗಳಲ್ಲ, ಒಂದು ಸೋಲು.

1902ರಲ್ಲಿ ಹಲುವಾಗಲಿನಲ್ಲಿ ಜನಿಸಿದ ಅವರು ಚಿತ್ರದುರ್ಗದಲ್ಲಿ ವಕೀಲರಾಗಿ ನೆಲೆನಿಂತರು. ಮೈಸೂರು ಸಂಸ್ಥಾನದ ಕಾಂಗ್ರೆಸ್ಸು ಆಗ ಬಹುಮಟ್ಟಿಗೆ ಪಟ್ಟಣದ ವಿದ್ಯಾವಂತರದು. 1937ರಲ್ಲಿ ಪ್ರಜಾ ಸಂಯುಕ್ತ ಪಕ್ಷವು ಅದರಲ್ಲಿ ಬೆರೆತ ಮೇಲೆ ಹಳ್ಳಿಗಳ ಬಲವೂ ಕೂಡಿಬಂದಿತು. ಆ ಬಲ ನಮ್ಮ ಜಿಲ್ಲೆಯಲ್ಲಿ ಪ್ರಕಟವಾದದ್ದು 1939ರ ತುರುವನೂರು ಸತ್ಯಾಗ್ರಹದಲ್ಲಿ. ಈಚಲ ಮರದಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ಅಬಕಾರಿ ಆದಾಯ. ಮರಕ್ಕೆ ಕೊಡಲಿಯಿಟ್ಟ ಹಳ್ಳಿಗರು ತಮ್ಮ ಸಂಸಾರವನ್ನು ಕಾಯುತ್ತಲೇ ಬೊಕ್ಕಸಕ್ಕೂ ಪೆಟ್ಟು ಕೊಟ್ಟರು. ಅವರ ಮುಂದಾಳಾದ ನಿಜಲಿಂಗಪ್ಪನವರು ಸೆರೆಮನೆ ಕಂಡರು.

ಚಳವಳಿಯ ಪಕ್ಷ ಮುಂದೆ ಆಳುವ ಪಕ್ಷವಾಯಿತು. 1952ರಲ್ಲಿ ಅವರು ಚಿತ್ರದುರ್ಗದಿಂದ ಲೋಕಸಭೆಗೆ ಹೋದರು. 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಆದರೆ 1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರನ್ನು ಆರಿಸಿ, ಮನೆಯ ಹಿರಿಯರಂತಿದ್ದ ಇವರನ್ನು ಸೋಲಿಸಿದರು. ಎಸ್.ಆರ್. ಕಂಠಿಯವರು ಕೆಲವು ಕಾಲ ಅಧಿಕಾರ ವಹಿಸಿದರು. ಅದೇ ವರ್ಷ ಬಾಗಲಕೋಟೆಯಿಂದ ಆರಿಸಿ ಬಂದ ನಿಜಲಿಂಗಪ್ಪನವರು ಮತ್ತೆ ಮುಖ್ಯಮಂತ್ರಿಯಾದರು.

1961ರ ಭೂಸುಧಾರಣಾ ಶಾಸನ ಜಾರಿಗೆ ಬಂದುದು ಅವರ ಆಡಳಿತದಲ್ಲೇ, 1965ರಲ್ಲಿ. ಭೂಮಾಲೀಕರು ಸ್ವಂತ ಸಾಗುವಳಿಯ ಹೆಸರಿನಲ್ಲಿ ಜಮೀನನ್ನು ಮರಳಿ ಪಡೆಯಲು ಅದರಲ್ಲಿ ಅವಕಾಶವಿದ್ದುದರಿಂದ ಗೇಣಿದಾರರಿಗೆ ದಕ್ಕಿದ್ದು ಅಲ್ಪ. 1969ರಲ್ಲಿ ಕಾಂಗ್ರೆಸ್ಸು ಒಡೆದಾಗ ಅವರು ಹಳೆಯ ಬಣದಲ್ಲಿ ಉಳಿದರು. ಉಳುವವನಿಗೆ ಭೂಮಿ ಕೊಡುವ 1974ರ ತಿದ್ದುಪಡಿಯ ಕೀರ್ತಿ ಎದುರು ಬಣದ ದೇವರಾಜ ಅರಸರಿಗೆ ಸಂದಿತು.

2000ದಲ್ಲಿ ಅವರು ತೀರಿಕೊಂಡಾಗ ದುರ್ಗವೆಲ್ಲ ಮರುಗಿತು. ಆ ಗೌರವ ನಿಜವೇ. ಹೊಸದುರ್ಗದ ತೀರ್ಪೂ ನಿಜವೇ. ಹಿರಿಯೂರು, ಹೊಳಲ್ಕೆರೆಗಳ ರೈತರ ಮಕ್ಕಳಿಗೆ ಪಾಠ ಹೇಳುವ ನಾನು ಇವೆರಡನ್ನೂ ಒಟ್ಟಿಗೇ ಹೇಳುತ್ತೇನೆ. ಚಳವಳಿ ಪಕ್ಷಕ್ಕೆ ನಾಯಕನನ್ನು ಕೊಡಬಲ್ಲುದು. ಆದರೆ ತನ್ನ ಮತವನ್ನು ಅದು ಯಾರಿಗೂ ಜಹಗೀರಾಗಿ ಬರೆದುಕೊಡುವುದಿಲ್ಲ.