ಮಾರಾಟವಾಗದೇ ಉಳಿದ ಹಳೇ ಕಾರಿನಿಂದ ಹುಟ್ಟಿದ ಲೋಟಸ್

ಹಾಟ್ ಹ್ಯಾಚ್ ಎಂದರೆ ಸಾಕು, ನಮ್ಮಂಥ ಎಂಜಿನಿಯರಿಂಗ್ ಹುಡುಗರ ಕಿವಿ ನೆಟ್ಟಗಾಗುತ್ತದೆ. ನೋಡಲು ಮನೆಮಂದಿಯ ಸಣ್ಣ ಕಾರು, ಹಿಂದೆ ಮೇಲಕ್ಕೆ ತೆರೆಯುವ ಬಾಗಿಲು, ಆದರೆ ಬಾನೆಟ್ ಒಳಗೆ ಗಾತ್ರಕ್ಕೆ ಮೀರಿದ ಶಕ್ತಿ. ಹೊಸದು ನಮ್ಮ ಕೈಗೆಟುಕುವ ಮಾತಲ್ಲ. ಹಾಗಾಗಿ ಕೆಲಸ ಸಿಕ್ಕ ಮೇಲೆ ಕೊಳ್ಳುವ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ, ಬಲೆನೊ ಆರ್‌ಎಸ್, ಅಬಾರ್ತ್ ಪುಂಟೊಗಳ ಸುತ್ತಲೇ ನಮ್ಮ ಹರಟೆ ಸುತ್ತುತ್ತದೆ. ಈ ಹುಚ್ಚಿನ ಬೆನ್ನು ಹತ್ತಿ ಓದುತ್ತಾ ಹೋದಾಗ ನನಗೆ ಸಿಕ್ಕವನು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಲೋಟಸ್ ಕಾರು ಕಂಪನಿ ಕಟ್ಟಿದವನು. ಅವನ ಕಥೆ ಶುರುವಾಗುವುದು ಕಾಲೇಜು ದಿನಗಳಲ್ಲಿ, ಅದೂ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರಿನಿಂದ.

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು. ಬೆಳೆದದ್ದು ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ. ಅಪ್ಪ ಅಲ್ಲಿ ರೈಲ್ವೆ ಹೋಟೆಲ್ ಎಂಬ ಪಬ್ ನಡೆಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಹುಡುಗ ಯೂನಿವರ್ಸಿಟಿ ಕಾಲೇಜ್ ಲಂಡನ್‌ಗೆ ಸೇರಿದ. ಓದಿದ್ದು ಆಟೊಮೊಬೈಲ್ ಅಲ್ಲ, ಸ್ಟ್ರಕ್ಚರಲ್ ಎಂಜಿನಿಯರಿಂಗ್. ಅಂದರೆ ಸೇತುವೆ, ತೊಲೆ, ಕಂಬಗಳ ಮೇಲೆ ಭಾರ ಎಲ್ಲಿ ಬೀಳುತ್ತದೆ, ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ. ಜೊತೆಗೆ ವಿಶ್ವವಿದ್ಯಾಲಯದ ವಾಯುದಳ ತುಕಡಿ ಸೇರಿ ವಿಮಾನ ಹಾರಿಸಲು ಕಲಿತ. ಈ ಎರಡು ವಿದ್ಯೆಗಳು ಮುಂದೆ ಅವನ ಕಾರುಗಳ ಹಣೆಬರಹವನ್ನೇ ಬರೆದವು.

ಯುದ್ಧದಿಂದ ಬಸವಳಿದಿದ್ದ ಬ್ರಿಟನ್‌ಗೆ ಆಗ ವಿದೇಶಿ ಹಣ ಬೇಕಾಗಿತ್ತು. ತಯಾರಾದ ಹೊಸ ಕಾರುಗಳಲ್ಲಿ ಬಹುಪಾಲು ರಫ್ತಾಗುತ್ತಿದ್ದವು. ಹೀಗಾಗಿ ಊರಲ್ಲಿ ಹಳೇ ಕಾರಿಗೆ ಎಲ್ಲಿಲ್ಲದ ಬೇಡಿಕೆ. ಇದನ್ನು ಗಮನಿಸಿದ ಚಾಪ್‌ಮನ್ ಸಹಪಾಠಿ ಕಾಲಿನ್ ಡೇರ್ ಜೊತೆ ಸೇರಿ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರಕ್ಕಿಳಿದ. ಕೊಳ್ಳುವುದು, ರಿಪೇರಿ ಮಾಡುವುದು, ಒಂದಿಷ್ಟು ಲಾಭ ಇಟ್ಟು ಮಾರುವುದು. ಕ್ಲಾಸು ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ. ದುಡ್ಡೂ ಬರುತ್ತಿತ್ತು.

1947ರಲ್ಲಿ ಎಲ್ಲ ತಲೆಕೆಳಗಾಯಿತು. ಪೆಟ್ರೋಲ್ ಆಗ ರೇಷನ್ ಕೂಪನ್ ಮೇಲೆ ಸಿಗುತ್ತಿತ್ತು. ಖಾಸಗಿ ಕಾರುಗಳಿಗೆ ಕೊಡುತ್ತಿದ್ದ ಮೂಲ ಪಾಲನ್ನೇ ಸರ್ಕಾರ ಆ ವರ್ಷ ರದ್ದು ಮಾಡಿತು. ಪೆಟ್ರೋಲೇ ಇಲ್ಲವೆಂದ ಮೇಲೆ ಕಾರು ಯಾರಿಗೆ ಬೇಕು? ಕೈಲಿದ್ದ ಕಾರುಗಳನ್ನು ಗೆಳೆಯರಿಬ್ಬರೂ ನಷ್ಟಕ್ಕೆ ಮಾರಬೇಕಾಯಿತು. ಗಳಿಸಿದ್ದೆಲ್ಲ ಕರಗಿತು. ಕೊನೆಗೆ ಯಾರೂ ಕೊಳ್ಳದ ಒಂದು ಕಾರು ಉಳಿಯಿತು. ಅದು ಹಳೇ ಆಸ್ಟಿನ್ ಸೆವೆನ್.

ಆಸ್ಟಿನ್ ಸೆವೆನ್ ಅಂದರೆ ಬ್ರಿಟನ್ನಿನ ಮಧ್ಯಮ ವರ್ಗವನ್ನು ಕಾರಿಗೆ ಹತ್ತಿಸಿದ ಪುಟ್ಟ ಗಾಡಿ. 747 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಇಂದು ನಮ್ಮೂರಿನ ಕೆಲವು ಬೈಕುಗಳಿಗೂ ಇದಕ್ಕಿಂತ ದೊಡ್ಡ ಎಂಜಿನ್ ಇದೆ. ಮಾರಲಾಗದ ಈ ಕಾರನ್ನು ಚಾಪ್‌ಮನ್ ಗುಜರಿಗೆ ಹಾಕಲಿಲ್ಲ. ಗೆಳತಿ ಹೇಜೆಲ್ ವಿಲಿಯಮ್ಸ್ ಮನೆಯ ಹಿಂದಿದ್ದ ಗ್ಯಾರೇಜಿಗೆ ತಂದು ನಿಲ್ಲಿಸಿ, ಹಳೇ ಬಾಡಿ ಕಿತ್ತು ಹಾಕಿದ. ಅದರ ಜಾಗಕ್ಕೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪ್ಲೈವುಡ್ಡಿನಿಂದ ಹೊಸ ಬಾಡಿ ಕಟ್ಟಿದ. ವಿಮಾನದಲ್ಲಿ ಹೊರಕವಚವೂ ಭಾರ ಹೊರುವಂತೆ ಇಲ್ಲಿ ಬಾಡಿ ಬರೀ ಹೊದಿಕೆಯಾಗಿರಲಿಲ್ಲ, ಷಾಸಿಯನ್ನು ಗಟ್ಟಿಗೊಳಿಸುವ ಭಾಗವೇ ಆಗಿತ್ತು. ಕೆಸರಿನ ಗುಡ್ಡ ಹತ್ತುವ ಟ್ರಯಲ್ಸ್ ಸ್ಪರ್ಧೆಗಳಿಗೆ ಹೇಜೆಲ್ ಜೊತೆ ಅದನ್ನು ಒಯ್ದು ಬಹುಮಾನ ಗೆದ್ದ. ಆ ಕಾರಿಗೆ ಇಟ್ಟ ಹೆಸರೇ ಲೋಟಸ್.

ಬ್ಯಾಕ್‌ಲಾಗ್ ಇಟ್ಟುಕೊಂಡು ಕುಗ್ಗಿರುವ ಗೆಳೆಯರಿಗೆ ನಾನು ತಪ್ಪದೇ ಹೇಳುವ ಸಂಗತಿ ಒಂದಿದೆ. 1948ರಲ್ಲಿ ಚಾಪ್‌ಮನ್ ಕಾಲೇಜಿನಿಂದ ಹೊರಬಿದ್ದಾಗ ಅವನ ಕೈಯಲ್ಲಿ ಪದವಿ ಇರಲಿಲ್ಲ. ಅಂತಿಮ ವರ್ಷದ ಗಣಿತ ಉಳಿದುಹೋಗಿತ್ತು. ಮರುವರ್ಷ ಮತ್ತೆ ಪರೀಕ್ಷೆ ಬರೆದು ಪಾಸಾದ. ಸ್ವಲ್ಪ ಕಾಲ ವಾಯುಪಡೆಯಲ್ಲಿದ್ದು, ಆಮೇಲೆ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಕಟ್ಟಡಗಳಿಗೆ ಅಲ್ಯೂಮಿನಿಯಂ ಬಳಸಿ ಎಂದು ಜನರನ್ನು ಒಪ್ಪಿಸುವುದು ಅಲ್ಲಿ ಅವನ ಕೆಲಸ. ಹಗುರ ಲೋಹದ ಗುಣಗಳು ಹೀಗೆ ಸಂಬಳದ ಜೊತೆಗೇ ಕರಗತವಾದವು.

ನನಗೆ ಅವನ ಮೇಲೆ ನಿಜವಾದ ಬೆರಗು ಹುಟ್ಟಿದ್ದು 1951ರ ಒಂದು ಕೆಲಸದಿಂದ. 750 ಮೋಟಾರ್ ಕ್ಲಬ್ ಎಂಬ ಸಂಸ್ಥೆ ಆಸ್ಟಿನ್ ಸೆವೆನ್ ಎಂಜಿನ್ ಇಟ್ಟುಕೊಂಡ ಅಗ್ಗದ ಕಾರುಗಳಿಗಾಗಿಯೇ ರೇಸ್ ನಡೆಸುತ್ತಿತ್ತು. ಎಲ್ಲರದ್ದೂ ಅದೇ ಎಂಜಿನ್. ಆ ಎಂಜಿನ್ನಿಗೆ ಹುಟ್ಟಿನಿಂದಲೇ ಒಂದು ಕೊರತೆ. ನಾಲ್ಕು ಸಿಲಿಂಡರಿಗೆ ಗಾಳಿ–ಪೆಟ್ರೋಲ್ ಮಿಶ್ರಣ ಒಳಹೋಗಲು ಇದ್ದದ್ದು ಎರಡೇ ದಾರಿ. ಅಕ್ಕಪಕ್ಕದ ಎರಡು ಸಿಲಿಂಡರು ಒಂದೇ ದಾರಿಯನ್ನು ಹಂಚಿಕೊಳ್ಳಬೇಕು. ಒಂದು ಎಳೆದುಕೊಂಡ ಬೆನ್ನಿಗೇ ಇನ್ನೊಂದು ಎಳೆಯುವುದರಿಂದ ಇಬ್ಬರಿಗೂ ಸಮಪಾಲು ಸಿಗುತ್ತಿರಲಿಲ್ಲ. ಚಾಪ್‌ಮನ್ ಆ ದಾರಿಯ ನಡುವೆ ತೆಳು ಗೋಡೆ ನಿಲ್ಲಿಸಿದ. ಎರಡು ದಾರಿ ನಾಲ್ಕಾಯಿತು, ಪ್ರತಿ ಸಿಲಿಂಡರಿಗೂ ಅದರದೇ ಪಾಲು. ಹಾಗೆ ಮಾಡಬಾರದು ಎಂದು ನಿಯಮ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಆ ವರ್ಷ ಅವನ ಲೋಟಸ್ ಮಾರ್ಕ್ 3 ಉಳಿದವರನ್ನು ಹಿಂದೆ ಹಾಕಿ ಓಡಿತು. ಕೊನೆಗೆ ಕ್ಲಬ್ಬೇ ನಿಯಮ ತಿದ್ದಿ ಆ ಉಪಾಯವನ್ನು ನಿಷೇಧಿಸಿತು.

ಇಲ್ಲಿ ಚಾಪ್‌ಮನ್ ಸ್ವಭಾವದ ಎರಡು ಎಳೆಗಳು ಒಟ್ಟಿಗೆ ಕಾಣುತ್ತವೆ. ಒಂದು, ಬೇಡದ್ದನ್ನು ತೆಗೆದು ಇರುವುದರಿಂದಲೇ ಹೆಚ್ಚು ಪಡೆಯುವ ಎಂಜಿನಿಯರ್ ಬುದ್ಧಿ. ಎರಡು, ನಿಯಮದಲ್ಲಿ ಸಂದು ಎಲ್ಲಿದೆ ಎಂದು ಹುಡುಕುವ ಕಣ್ಣು. ಅವನ ಮುಂದಿನ ಬದುಕನ್ನೆಲ್ಲ ನಾನು ಈ ಎರಡು ಎಳೆ ಹಿಡಿದೇ ಓದಿದ್ದೇನೆ.

1952ರಲ್ಲಿ ಹೇಜೆಲ್ ಕೊಟ್ಟ 25 ಪೌಂಡ್ ಸಾಲದಿಂದ ಲೋಟಸ್ ಎಂಜಿನಿಯರಿಂಗ್ ಕಂಪನಿ ಶುರುವಾಯಿತು. ಮೊದಲ ವರ್ಕ್‌ಶಾಪ್ ಅಪ್ಪನ ಪಬ್ಬಿನ ಹಿಂದಿದ್ದ ಹಳೇ ಕುದುರೆ ಲಾಯ. ಕೆಲವು ವರ್ಷ ಹಗಲು ಅಲ್ಯೂಮಿನಿಯಂ ಕಂಪನಿ, ರಾತ್ರಿ ಲಾಯ. 1954ರಲ್ಲಿ ಹೇಜೆಲ್ ಜೊತೆ ಮದುವೆಯಾಯಿತು. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಿತ್ತು. ಹಾಗೆ ಕೊಂಡರೆ ಹೊಸ ಕಾರಿನ ಮೇಲಿದ್ದ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಜೇಬು ಸಣ್ಣದಿದ್ದ ಹುಡುಗರಿಗೂ ವೇಗದ ಕಾರು ದಕ್ಕಿತು.

ರೇಸಿಂಗಿನಲ್ಲಿ ಅವನ ಸಾಧನೆ ದೊಡ್ಡದು. 1962ರ ಲೋಟಸ್ 25ರಲ್ಲಿ ಕೊಳವೆಗಳ ಚೌಕಟ್ಟು ಬಿಟ್ಟು, ಬಾಡಿಯೇ ಎಲ್ಲ ಭಾರ ಹೊರುವ ಮೊನೊಕಾಕ್ ರಚನೆಯನ್ನು ಫಾರ್ಮುಲಾ ಒನ್‌ಗೆ ತಂದ. ಪ್ಲೈವುಡ್ ಬಾಡಿಯ ವಿಚಾರವೇ ಇಲ್ಲಿ ದೊಡ್ಡದಾಗಿ ಬೆಳೆದಿತ್ತು. ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ಲೋಟಸ್ ಓಡಿಸಿ ವಿಶ್ವ ಚಾಂಪಿಯನ್ ಆದ. 1970ರ ದಶಕದ ಕೊನೆಗೆ, ಕಾರಿನ ತಳದಲ್ಲಿ ಹರಿಯುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಹೀರಿ ಹಿಡಿಯುವ ಗ್ರೌಂಡ್ ಎಫೆಕ್ಟ್ ವಿನ್ಯಾಸದಿಂದ ಲೋಟಸ್ ಎದುರಾಳಿಗಳನ್ನು ದಂಗುಬಡಿಸಿತು. ಅದರ ಬಲದಿಂದ 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಚಾಂಪಿಯನ್ ಆದ. ಚಾಪ್‌ಮನ್ ಬದುಕಿದ್ದಾಗ ತಂಡ ಗೆದ್ದ ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿಗಳು ಏಳು.

ಹಾಟ್ ಹ್ಯಾಚ್ ಪ್ರಿಯರಿಗೆ ಮುಖ್ಯವಾದದ್ದು ಇನ್ನೊಂದು ಸಾಲು. 1963ರಲ್ಲಿ ಫೋರ್ಡ್ ಕಾರ್ಟಿನಾ ಎಂಬ ಸಾಧಾರಣ ಮನೆ ಕಾರಿಗೆ ಲೋಟಸ್ ಎಂಜಿನ್ ಕೂರಿಸಿ ಲೋಟಸ್ ಕಾರ್ಟಿನಾ ಮಾಡಿದರು. ಅದೇ ಸೂತ್ರ 1979ರಲ್ಲಿ ಸನ್‌ಬೀಮ್ ಎಂಬ ಸಣ್ಣ ಹ್ಯಾಚ್‌ಬ್ಯಾಕ್‌ಗೆ ಬಂತು. ಅದರೊಳಗೆ 2.2 ಲೀಟರಿನ, ಸುಮಾರು 150 ಅಶ್ವಶಕ್ತಿಯ ಲೋಟಸ್ ಎಂಜಿನ್. ಶಕ್ತಿಯೆಲ್ಲ ಹಿಂದಿನ ಚಕ್ರಗಳಿಗೆ. ಟಾಲ್ಬೊಟ್ ಸನ್‌ಬೀಮ್ ಲೋಟಸ್ ಎಂಬ ಈ ಕಾರು ತಯಾರಾದದ್ದು ಸುಮಾರು 2,300 ಮಾತ್ರ. 1980ರಲ್ಲಿ ಹೆನ್ರಿ ಟೊಯ್ವೊನೆನ್ ಇದನ್ನೇ ಓಡಿಸಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿ ಗೆದ್ದ. 1981ರಲ್ಲಿ ವಿಶ್ವ ರ‍್ಯಾಲಿಯ ತಯಾರಕರ ಪ್ರಶಸ್ತಿ ಟಾಲ್ಬೊಟ್ ಪಾಲಾಯಿತು. ಹಾಟ್ ಹ್ಯಾಚ್ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಲಾರರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸಾಧಕನ ಚೆಂದದ ಕಥೆ. ಆದರೆ ಆ ಎರಡು ಎಳೆಗಳ ಇನ್ನೊಂದು ಮುಖವೂ ಇದೆ.

ಮೊದಲನೆಯದು ತೂಕದ ಕಥೆ. ಪ್ರತಿ ಭಾಗವನ್ನೂ ಎಷ್ಟು ಸಾಧ್ಯವೋ ಅಷ್ಟು ಹಗುರ ಮಾಡುತ್ತಾ ಹೋದರೆ ಎಲ್ಲೋ ಒಂದು ಕಡೆ ಅದು ಮುರಿಯುವ ಹಂತ ತಲುಪುತ್ತದೆ. 1969ರ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಯಲ್ಲಿ ಎತ್ತರದ ರೆಕ್ಕೆ ಕಟ್ಟಿಕೊಂಡು ಓಡುತ್ತಿದ್ದ ಲೋಟಸ್ ಕಾರುಗಳೆರಡೂ, ರೆಕ್ಕೆ ಕುಸಿದು ಅಪಘಾತಕ್ಕೀಡಾದವು. ಗಾಯಗೊಂಡ ಯೋಹೆನ್ ರಿಂಟ್, ಭಾಗಗಳನ್ನು ಇನ್ನಷ್ಟು ಗಟ್ಟಿ ಮಾಡಿ ಎಂದು ಚಾಪ್‌ಮನ್‌ಗೆ ಪತ್ರವನ್ನೇ ಬರೆದ. ಮರುವರ್ಷದ ಲೋಟಸ್ 72ರಲ್ಲಿ ಮುಂದಿನ ಬ್ರೇಕ್‌ಗಳನ್ನು ಚಕ್ರದ ಬಳಿಯಿಂದ ಕಾರಿನ ಒಳಭಾಗಕ್ಕೆ ಸರಿಸಿದ್ದರು. ಚಕ್ರ ಹಗುರವಾದಷ್ಟೂ ಸಸ್ಪೆನ್ಶನ್ ಚೆನ್ನಾಗಿ ಕೆಲಸ ಮಾಡುತ್ತದೆ, ವಿಚಾರ ಸರಿಯಾದದ್ದೇ. ಆದರೆ ಆಗ ಬ್ರೇಕ್ ಬಲ ಚಕ್ರಕ್ಕೆ ತಲುಪಬೇಕಾದದ್ದು ಒಂದು ಶಾಫ್ಟ್ ಮೂಲಕ. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಆ ಶಾಫ್ಟ್ ಮುರಿಯಿತು. ರಸ್ತೆಯಂಚಿನ ತಡೆಬೇಲಿಯೂ ರಿಂಟ್‌ನನ್ನು ಕಾಪಾಡಲಿಲ್ಲ. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವನಿಗೆ ಸಂದದ್ದು ಸತ್ತ ಮೇಲೆ. ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನ ಮೊದಲ ಪಾಠಗಳಲ್ಲೇ ನಾವು ಫ್ಯಾಕ್ಟರ್ ಆಫ್ ಸೇಫ್ಟಿ ಓದುತ್ತೇವೆ. ಅದನ್ನು ಎರಡು ಅಂಕದ ಪ್ರಶ್ನೆ ಎಂದೇ ತಿಳಿದಿದ್ದವರು ರಿಂಟ್ ಕಥೆ ಓದಬೇಕು.

ಎರಡನೆಯದು ನಿಯಮದ ಸಂದಿನ ಕಥೆ. ಉತ್ತರ ಐರ್ಲೆಂಡಿನಲ್ಲಿ ಕಾರು ಕಾರ್ಖಾನೆ ಕಟ್ಟಲು ಅಮೆರಿಕದ ಜಾನ್ ಡಿಲೋರಿಯನ್‌ಗೆ ಬ್ರಿಟಿಷ್ ಸರ್ಕಾರ ಭಾರೀ ಹಣ ಕೊಟ್ಟಿತ್ತು. ನಿರುದ್ಯೋಗದಿಂದ ಬೇಯುತ್ತಿದ್ದ ಬೆಲ್‌ಫಾಸ್ಟ್ ಜನರಿಗೆ ಕೆಲಸ ಸಿಗಲಿ ಎಂಬುದು ಉದ್ದೇಶ. ಆ ಕಾರನ್ನು ರೂಪಿಸುವ ಹೊಣೆ ಲೋಟಸ್ ಹೊತ್ತಿತು. ಯೋಜನೆಯ ಹಣದಲ್ಲಿ ದೊಡ್ಡ ಮೊತ್ತ ವಿದೇಶಿ ಕಂಪನಿಯೊಂದರ ಮೂಲಕ ಹರಿದು ಮಾಯವಾಯಿತು. 1982ರಲ್ಲಿ ಕಾರ್ಖಾನೆ ಮುಳುಗಿತು, ಕೆಲಸಗಾರರು ಬೀದಿಗೆ ಬಿದ್ದರು. ಅದೇ ವರ್ಷ ಡಿಸೆಂಬರ್ 16ರಂದು ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 54. ಹತ್ತು ವರ್ಷಗಳ ನಂತರ ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ ಈ ವಂಚನೆಯಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಚಾಪ್‌ಮನ್ ಬದುಕಿದ್ದಿದ್ದರೆ ಅವನಿಗೆ ಕನಿಷ್ಠ ಹತ್ತು ವರ್ಷ ಶಿಕ್ಷೆ ಆಗುತ್ತಿತ್ತು ಎಂದು ಆಗ ನ್ಯಾಯಾಧೀಶರು ಹೇಳಿದರು.

ಎಂಜಿನ್ನಿನ ದಾರಿಗೆ ಗೋಡೆ ನಿಲ್ಲಿಸಿದ್ದು, ಬಿಡಿಭಾಗ ಮಾರಿ ತೆರಿಗೆ ಉಳಿಸಿದ್ದು ಜಾಣತನ. ನಿಯಮ ಬರೆದವರಿಗೂ ಅದು ಕಣ್ಣಮುಂದೆಯೇ ಕಾಣುತ್ತಿತ್ತು, ಬೇಡವೆನಿಸಿದರೆ ತಿದ್ದಬಹುದಿತ್ತು. ಡಿಲೋರಿಯನ್ ಹಣ ಹರಿದದ್ದು ಯಾರಿಗೂ ಕಾಣದಂತೆ. ಜಾಣತನಕ್ಕೂ ಮೋಸಕ್ಕೂ ಇರುವ ಗೆರೆ ಇದೇ ಎಂದು ನನಗನಿಸುತ್ತದೆ. ನಾಳೆ ಕೆಲಸಕ್ಕೆ ಸೇರುವ ನಮಗೆ ಈ ಗೆರೆ ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಹಾಟ್ ಹ್ಯಾಚ್ ಕೊಳ್ಳುವಾಗಲೂ ಈ ಪಾಠ ನಡೆಯುತ್ತದೆ. ಇಂಥ ಕಾರುಗಳನ್ನು ಮೊದಲ ಮಾಲೀಕ ನಿಧಾನವಾಗಿ ಓಡಿಸಿರುವ ಸಂಭವ ಕಡಿಮೆ. ಬಣ್ಣ, ಅಲಾಯ್ ಚಕ್ರ, ಸೈಲೆನ್ಸರ್ ಸದ್ದು ನೋಡಿ ಮರುಳಾಗುವ ಮೊದಲು ಬ್ರೇಕ್ ಡಿಸ್ಕ್, ಸಸ್ಪೆನ್ಶನ್ ಬುಶ್, ಟೈಮಿಂಗ್ ಬೆಲ್ಟ್ ಬದಲಿಸಿದ ದಾಖಲೆ ನೋಡಬೇಕು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಅದು ಯಾವ ವರ್ಷದ ಯಾವ ವಾರ ತಯಾರಾಯಿತು ಎಂದು ಹೇಳುತ್ತದೆ. ಟರ್ಬೊ ಇರುವ ಎಂಜಿನ್‌ಗೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿದೆಯೇ ಎಂದು ಸರ್ವೀಸ್ ಪುಸ್ತಕದಲ್ಲಿ ಹುಡುಕಬೇಕು. ಆರ್‌ಸಿ, ವಿಮೆ, ಬ್ಯಾಂಕ್ ಸಾಲ ತೀರಿದ ಪತ್ರ ಕೈಯಲ್ಲಿರಬೇಕು. ಕಾರು ಕೊಳ್ಳಲು ಎತ್ತಿಟ್ಟ ಹಣದಲ್ಲಿ ಒಂದು ಪಾಲು ಟೈರು, ಬ್ರೇಕುಗಳಿಗೆಂದೇ ಉಳಿಸಿಕೊಳ್ಳಬೇಕು. ಕಾರು ಹಗುರವಾಗಲೆಂದು ಏನಾದರೂ ತೆಗೆಯುವ ಆಸೆಯಿದ್ದರೆ ಡಿಕ್ಕಿಯಲ್ಲಿ ತುಂಬಿಟ್ಟ ಬೇಡದ ಸಾಮಾನು ತೆಗೆಯಿರಿ. ಸೀಟ್ ಬೆಲ್ಟ್, ಏರ್‌ಬ್ಯಾಗ್‌ಗಳ ತಂಟೆಗೆ ಹೋಗಬೇಡಿ.

ಅಂದಹಾಗೆ, ಆ ಮೊದಲ ಲೋಟಸ್ ಏನಾಯಿತು? ಮುಂದಿನ ಕಾರುಗಳಿಗೆ ಕೈಹಾಕಿದ ಮೇಲೆ ಚಾಪ್‌ಮನ್ 1950ರಲ್ಲಿ ಜಾಹೀರಾತು ಕೊಟ್ಟು ಅದನ್ನೂ ಮಾರಿಬಿಟ್ಟ. ಕೊಂಡವರು ಯಾರು, ಆಮೇಲೆ ಅದು ಯಾರ ಕೈಗೆ ಹೋಯಿತು ಎಂಬ ಜಾಡು ತಪ್ಪಿಹೋಯಿತು. 2020ರಲ್ಲಿ ಅವನ ಮಗ ಕ್ಲೈವ್ ಮತ್ತು ಲೋಟಸ್ ಕಂಪನಿ, ನಿಮ್ಮ ಗ್ಯಾರೇಜು, ಕೊಟ್ಟಿಗೆಗಳಲ್ಲಿ ಒಮ್ಮೆ ಹುಡುಕಿ ನೋಡಿ ಎಂದು ಜನರನ್ನು ಕೇಳಿಕೊಂಡರು. ಹಿಂದೊಮ್ಮೆ ಯಾರಿಗೂ ಬೇಡವಾಗಿದ್ದ ಆ ಹಳೇ ಆಸ್ಟಿನ್ ಸೆವೆನ್‌ಗಾಗಿ ಇಡೀ ಕಂಪನಿಯೇ ಹುಡುಕಾಟ ನಡೆಸಿತ್ತು.